ಹೊಗಳಿದವರು ಯಾರು?

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಸಿನಿಮಾ ಪೋಸ್ಟರು ಕಂಡರೆ ನಾನು ಮೊದಲು ಹುಡುಕುವುದು ಒಂದೇ: ಹೊಗಳಿದವರು ಯಾರು? 'ಭರ್ಜರಿ ಯಶಸ್ಸು' ಅಂತ ನಿರ್ಮಾಪಕರೇ ಬರೆಸಿಕೊಂಡರೆ ಏನು ಬಂತು? ತನ್ನ ಮಾಲು ಕೆಟ್ಟದ್ದು ಅಂತ ಯಾರು ಅಂತಾರ್ರೀ! ಬ್ಯಾಡಗಿ ಮಾರುಕಟ್ಟೆಯಲ್ಲೂ ಅಷ್ಟೇ. ರೈತ ಎಷ್ಟೇ ಬಣ್ಣಿಸಲಿ, ಖರೀದಿದಾರ ಮೆಣಸಿನಕಾಯಿಯ ಬಣ್ಣ, ಸುಕ್ಕು ನೋಡದೆ ದರ ಹಾಕುವುದಿಲ್ಲ. ಅಂಥ ಬ್ಯಾಡಗಿ ಮೆಣಸಿನಕಾಯಿಗೂ 2011ರಲ್ಲಿ ಭೌಗೋಳಿಕ ಸೂಚಕದ ಸರ್ಕಾರಿ ಮುದ್ರೆ ಬಿತ್ತು.

ನಮ್ಮ 'ಸಂಸ್ಕಾರ' ನೋಡಿ. ಸೆನ್ಸಾರಿನವರು ಮೊದಲು ತಡೆದ ಚಿತ್ರಕ್ಕೇ 1970ರ ಸಾಲಿನ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲು. 'ಕಾಂತಾರ' ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ 30ರಂದು. ರಜನೀಕಾಂತ್ ಮೆಚ್ಚಿ ಬರೆದದ್ದು ಅಕ್ಟೋಬರ್ ಕೊನೆಗೆ. ಚಿತ್ರದಲ್ಲಿ ಪಾಲಿಲ್ಲದವರ ಮಾತು, ಅದಕ್ಕೇ ಬೆಲೆ. ಆದರೆ ಅಷ್ಟು ಹೊತ್ತಿಗಾಗಲೇ ಕನ್ನಡಿಗರ ಬಾಯಿಮಾತೇ ಚಿತ್ರಮಂದಿರಗಳನ್ನು ತುಂಬಿಸಿತ್ತು!

ಆ ಬಾಯಿಮಾತು ನಮ್ಮದೇ, ಅಭಿಮಾನಿ ಮಿತ್ರರೇ. "ಏನಪಾ, ಪಿಕ್ಚರ್ ಹೆಂಗೈತಿ?" ಅಂತ ಹಾವೇರಿಯ ಗೆಳೆಯ ಕೇಳಿದಾಗ, ಹೀರೋ ಮೇಲಿನ ಪ್ರೀತಿಗೆ 'ಸೂಪರ್' ಅಂದುಬಿಟ್ಟರೆ ಅವನ ಟಿಕೆಟ್ ದುಡ್ಡು ಹೋಗುತ್ತದೆ. ನಾಳೆ ಅದೇ ಹೀರೋದು ನಿಜವಾಗಿಯೂ ಒಳ್ಳೇ ಚಿತ್ರ ಬಂದಾಗ ನಮ್ಮ ಮಾತು ನಂಬುವವರೇ ಇರುವುದಿಲ್ಲ.