ವಸತಿ, ಬಸದಿ ಮತ್ತು ಬಾಳೆಹೊನ್ನೂರಿನ ಒಂದು ಜಗಲಿ

ಬಸದಿ ಎಂಬ ಮಾತು ಸಂಸ್ಕೃತದ ‘ವಸತಿ’ಯ ತದ್ಭವ. ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಓದಿದವರಿಗೆ ವಕಾರವು ಬಕಾರವಾಗುವುದು ಹೊಸ ಸಂಗತಿಯಲ್ಲ. ಆದರೆ ಈ ಶಬ್ದದಲ್ಲಿ ಅಕ್ಷರದ ಜೊತೆಗೆ ಅರ್ಥವೂ ಜರುಗಿದೆ. ಮೊದಲಿಗೆ ಅದು ವಾಸಿಸುವ ತಾಣ, ಬರಬರುತ್ತ ಜಿನಾಲಯ. ಇರಲು ಒಂದು ನೆಲೆ ಎಂಬ ಸಾಮಾನ್ಯ ಅರ್ಥವನ್ನು ಕನ್ನಡಿಗರು ‘ಮನೆ’ ಎಂಬ ಅಚ್ಚಗನ್ನಡ ಪದಕ್ಕೆ ಬಿಟ್ಟುಕೊಟ್ಟು, ಬಸದಿಯನ್ನು ದೇವರಿಗೆ ಮೀಸಲಾಗಿರಿಸಿದರು. ಇಷ್ಟನ್ನು ಹೇಳಿ ತರಗತಿಯನ್ನು ಮುಗಿಸುವುದು ನನಗೆ ರೂಢಿಯಾಗಿತ್ತು. ಕಳೆದ ಕೆಲವು ವರ್ಷಗಳಿಂದ ಈ ಪದ ನನ್ನನ್ನು ಬೇರೊಂದು ದಿಕ್ಕಿಗೆ ಎಳೆಯುತ್ತಿದೆ.

ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ, ಜ್ವಾಲಾಮಾಲಿನಿಯ ದರ್ಶನಕ್ಕೆ ಹೋಗುವಾಗ ಬಾಳೆಹೊನ್ನೂರಿನಲ್ಲಿ ಇಳಿಯುವುದು ನನ್ನ ಪದ್ಧತಿ. ಭದ್ರಾನದಿಯ ದಡದ ಈ ಊರು ಕೊಪ್ಪ, ಶೃಂಗೇರಿ, ಕಳಸ, ಚಿಕ್ಕಮಗಳೂರುಗಳ ಕಡೆಗೆ ಹೋಗುವವರೆಲ್ಲ ಹಾಯ್ದುಹೋಗುವ ಸ್ಥಳ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠವಿರುವುದು ಇಲ್ಲಿಯೇ. 1925ರಲ್ಲಿ ಮೈಸೂರು ಸಂಸ್ಥಾನದ ಪ್ರಯೋಗಕ್ಷೇತ್ರವಾಗಿ ಆರಂಭವಾದ ಕಾಫಿ ಸಂಶೋಧನ ಕೇಂದ್ರವಿರುವುದೂ ಇದರ ಬಳಿಯೇ. ಸುತ್ತಲೂ ಕಾಫಿ, ಅಡಿಕೆ, ಮೆಣಸು. ಅವುಗಳ ಆಚೆ ಕಾಡು.

ಒಂದು ಮಳೆಗಾಲದಲ್ಲಿ ಬಸ್‌ ನಿಲ್ದಾಣದ ಹತ್ತಿರ ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ವೃದ್ಧೆಯೊಬ್ಬರು ಕುಳಿತಿದ್ದರು. ಪಕ್ಕದಲ್ಲಿ ಗೊಬ್ಬರದ ಚೀಲದಲ್ಲಿ ಕಟ್ಟಿದ ಪಾತ್ರೆ, ಒಂದು ಕಂಬಳಿ. ಅವರು ಯಾರನ್ನೂ ಏನನ್ನೂ ಬೇಡುತ್ತಿರಲಿಲ್ಲ. ಎದುರಿನ ಹೋಟೆಲಿನಲ್ಲಿ ವಿಚಾರಿಸಿದಾಗ ತಿಳಿದುಬಂದ ಸಂಗತಿ ಇಷ್ಟು: ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ತೋಟದ ಲೈನ್‌ಮನೆಯಲ್ಲಿದ್ದವರು, ಗಂಡ ತೀರಿಹೋಗಿದ್ದಾನೆ, ಮೈಯಲ್ಲಿ ಕಸುವಿಲ್ಲದೆ ಕೆಲಸ ನಿಂತಿತು, ಲೈನ್‌ಮನೆಗೆ ಬೇರೆ ಕುಟುಂಬ ಬಂದಿತು.

ಹೋಟೆಲಿನಲ್ಲಿದ್ದವರು ಕಲ್ಲುಹೃದಯದವರಾಗಿರಲಿಲ್ಲ. ಬೆಳಿಗ್ಗೆ ತಿಂಡಿಯನ್ನು ಅವರೇ ಕಳುಹಿಸಿದ್ದರು. ಆದರೆ ‘ಇವರಿಗೊಂದು ಸೂರು ಮಾಡಿಕೊಡುವವರು ಯಾರು?’ ಎಂದು ನಾನು ಕೇಳಿದ ಕೂಡಲೇ ಮಾತಿನ ಧಾಟಿ ಬದಲಾಯಿತು.

“ಅಷ್ಟು ವರ್ಷ ದುಡಿಸಿಕೊಂಡ ಸಾಹುಕಾರ್ರು ನೋಡ್ಕೋಬೇಕು ಸ್ವಾಮಿ” ಎಂದರು ಒಬ್ಬರು. ಸಣ್ಣ ತೋಟವಿದ್ದ ಇನ್ನೊಬ್ಬರು ತಡೆದು, “ಇರೋ ನಾಲ್ಕು ಲೈನ್‌ನಲ್ಲಿ ಎರಡನ್ನ ಮುದುಕರಿಗೆ ಬಿಟ್ರೆ ಕೆಲಸದೋರನ್ನ ಎಲ್ಲಿ ಇಡೋದು? ರೇಟು ಬಿದ್ದ ವರ್ಷ ನಮ್ಮನ್ನ ಯಾರು ನೋಡ್ತಾರೆ?” ಎಂದು ಕೇಳಿದರು. ಪಂಚಾಯಿತಿಯನ್ನು ಹೆಸರಿಸಿದವರಿಗೆ, “ಸೈಟಿಗೆ ಜಾಗ ಎಲ್ಲಿದೆ? ಗದ್ದೆ ಬಿಟ್ರೆ ತೋಟ, ತೋಟ ಬಿಟ್ರೆ ಫಾರೆಸ್ಟು” ಎಂಬ ಉತ್ತರ ಸಿದ್ಧವಾಗಿತ್ತು. ಕೊನೆಗೆ ಹಿರಿಯರೊಬ್ಬರು ಕೇಳಿದ ಪ್ರಶ್ನೆ: “ಅದೆಲ್ಲ ಇರಲಿ, ಆ ಅಜ್ಜಿ ಯಾವೂರಿನವರು?”

ಈ ಕೊನೆಯ ಪ್ರಶ್ನೆಯೇ ಉಳಿದ ಎಲ್ಲ ವಾದಗಳ ಬೇರು ಎಂದು ನನಗೆ ತೋರುತ್ತದೆ. ಅನ್ನ ಕೊಡುವಾಗ ಯಾವೂರೆಂದು ಯಾರೂ ಕೇಳಲಿಲ್ಲ. ಅನ್ನ ಒಂದು ಹೊತ್ತಿನದು; ಸೂರು ಪ್ರತಿ ರಾತ್ರಿಯದು. ಸೂರು ಕೊಟ್ಟರೆ ‘ಇವರು ನಮ್ಮವರು’ ಎಂದು ಒಪ್ಪಿದಂತೆ. ಕಾಫಿ ಸೀಮೆಯ ದುಡಿಮೆಗಾರರು ತಲೆಮಾರುಗಳಿಂದ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ, ಬಯಲುಸೀಮೆಯಿಂದ, ಈಚೆಗೆ ಅಸ್ಸಾಮಿನಂಥ ದೂರದ ನಾಡುಗಳಿಂದಲೂ ಬಂದವರು. ದುಡಿಯುವಷ್ಟು ದಿನ ಅವರು ತೋಟದವರು. ದುಡಿಮೆ ನಿಂತ ದಿನ ಯಾವ ಊರಿನವರೂ ಅಲ್ಲ.

ಕಾನೂನು ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಟ್ಟಿತ್ತು. 1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆ ತೋಟದಲ್ಲಿ ವಾಸಿಸುವ ಕೆಲಸಗಾರನಿಗೂ ಅವನ ಕುಟುಂಬಕ್ಕೂ ಮನೆ ಒದಗಿಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. ಆದರೆ ಅದರ ವ್ಯಾಪ್ತಿಗೆ ತೋಟದ ವಿಸ್ತಾರ ಮತ್ತು ಆಳುಗಳ ಸಂಖ್ಯೆಯ ಮಿತಿಯಿತ್ತು. ಮಲೆನಾಡಿನ ಸಣ್ಣ ಹಿಡುವಳಿಗಳು ಹೊರಗೆ ಉಳಿದವು. ಅದಕ್ಕಿಂತ ಮುಖ್ಯವಾಗಿ, ಆ ಮನೆ ಕೆಲಸಕ್ಕೆ ಅಂಟಿದ ಮನೆ. ಜನಗಣತಿ ಲೈನ್‌ಮನೆಯಲ್ಲಿರುವವರನ್ನು ಮನೆಯುಳ್ಳವರೆಂದೇ ಎಣಿಸುತ್ತದೆ. 2011ರ ಫೆಬ್ರವರಿ 28ರ ರಾತ್ರಿ ದೇಶದಾದ್ಯಂತ ವಸತಿಹೀನರನ್ನು ಎಣಿಸಿದಾಗ ಸಿಕ್ಕವರು 17 ಲಕ್ಷಕ್ಕೂ ಹೆಚ್ಚು. ಕೆಲಸ ಹೋದ ಮರುದಿನ ಮನೆ ಕಳೆದುಕೊಳ್ಳಲಿರುವವರು ಆ ಲೆಕ್ಕದಲ್ಲಿಲ್ಲ. ನಗರದ ವಸತಿಹೀನರಿಗಾಗಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಆಶ್ರಯತಾಣವಿರಬೇಕೆಂಬ ನಿಯಮವಿದೆ. ಅದು ಪಟ್ಟಣಗಳ ನಿಯಮ, ಹೋಬಳಿ ಕೇಂದ್ರದ್ದಲ್ಲ. 1991-92ರಲ್ಲಿ ಆರಂಭವಾದ ಆಶ್ರಯ ಯೋಜನೆಯಿಂದ ಈಚಿನ ಬಸವ ವಸತಿ ಯೋಜನೆಯವರೆಗೆ ಮನೆ ಕಟ್ಟಲು ಹಣ ಕೊಡುವ ಯೋಜನೆಗಳುಂಟು. ಅಡಿಯಿಡಲು ನೆಲವೇ ಇಲ್ಲದವರಿಗೆ ಅವು ದೂರ.

ಇನ್ನು ‘ಯಾರು ಕೊಡಬೇಕು?’ ಎಂಬ ಪ್ರಶ್ನೆ. ನಮ್ಮಲ್ಲಿ ಬಹುಮಂದಿಗೆ ಅರಿವಿಲ್ಲದ ವಿಷಯವೆಂದರೆ ನಾವೆಲ್ಲ ಈಗಾಗಲೇ ಕೊಡುತ್ತಿದ್ದೇವೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯ ಮೇರೆಗೆ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಕರ ಸೇರುತ್ತದೆ. ಮನೆಯುಳ್ಳ ಪ್ರತಿಯೊಬ್ಬನೂ ಮನೆಯಿಲ್ಲದವನಿಗಾಗಿ ತೆರುವ ಪಾಲು ಇದು, ಕಲ್ಪನೆ ಉದಾತ್ತವಾದದ್ದು. ಆದರೆ ಶಬ್ದಗಳನ್ನು ಗಮನಿಸಿ: ಕೇಂದ್ರದ ಹೆಸರು ‘ನಿರಾಶ್ರಿತರ ಪರಿಹಾರ ಕೇಂದ್ರ’, ಕಾಯಿದೆಯ ಹೆಸರು ‘ಭಿಕ್ಷಾಟನೆ ನಿಷೇಧ’. ಅಲ್ಲಿಗೆ ಸೇರಿಸುವುದು ಭಿಕ್ಷೆ ಬೇಡುವಾಗ ಹಿಡಿದವರನ್ನು. ಜಗಲಿಯ ಮೇಲೆ ಸುಮ್ಮನೆ ಕುಳಿತ ಆ ವೃದ್ಧೆ ಕೈಯೊಡ್ಡಿದ್ದರೆ ಮಾತ್ರ ಕಾನೂನಿನ ಕಣ್ಣಿಗೆ ಬೀಳುತ್ತಿದ್ದರು, ಅದೂ ಅಪರಾಧಿಯಾಗಿ. ಅಂಥ ಆಶ್ರಯವೂ ಎಷ್ಟು ದುರ್ಬಲವೆಂಬುದನ್ನು 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಂಭವಿಸಿದ ಅನೇಕ ಸಾವುಗಳು ತೋರಿಸಿದವು.

ಕರದಿಂದ ಕರುಣೆಯನ್ನು ನಡೆಸುವ ಕ್ರಮ ನಮ್ಮ ನಾಡಿಗೆ ಹೊಸದೇನಲ್ಲ. ಬಾಳೆಹೊನ್ನೂರಿನಿಂದ ಉತ್ತರಕ್ಕೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ಆ ಕಾಳಾಮುಖ ಮಠದಲ್ಲಿ ವೇದಶಾಸ್ತ್ರಗಳ ವ್ಯಾಖ್ಯಾನ ನಡೆಯುತ್ತಿದ್ದುದನ್ನು ಹೇಳುವುದರೊಂದಿಗೆ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ಹೇಳುತ್ತದೆ. ಜೈನ, ಶೈವ, ವೈಷ್ಣವ ಎಂಬ ಭೇದವಿಲ್ಲದೆ ಆ ಕಾಲದ ದತ್ತಿಗಳ ವೆಚ್ಚ ಬಂದದ್ದು ಭೂಮಿಯ ಹುಟ್ಟುವಳಿಯಿಂದ, ಸುಂಕದಿಂದ, ಗಾಣದ ಎಣ್ಣೆಯಿಂದ, ಅಡಿಕೆ ಮೆಣಸುಗಳ ಹೇರಿಗೆ ಇಷ್ಟೆಂದು ವರ್ತಕರು ಒಪ್ಪಿಕೊಂಡ ಆಯದಿಂದ. ಅದನ್ನು ಕಲ್ಲಿನಲ್ಲಿ ಬರೆಸಿದ್ದರ ಪರಿಣಾಮವೆಂದರೆ ಕೊಡುವವರು ಯಾರು, ಎಷ್ಟು, ಯಾವುದಕ್ಕೆ ಎಂಬುದನ್ನು ಊರಿನ ಯಾರು ಬೇಕಾದರೂ ಕೇಳಬಹುದಿತ್ತು. ಇಂದಿನ ಶೇಕಡಾ 3ರ ಕರ ರಸೀದಿಯ ಒಂದು ಸಾಲಿನಲ್ಲಿ ಅಡಗಿದೆ. ಅದು ಎಲ್ಲಿಗೆ ಹೋಯಿತೆಂದು ಹೋಟೆಲಿನಲ್ಲಿ ಯಾರೂ ಕೇಳಲಿಲ್ಲ.

ಜೈನ ಗ್ರಂಥಗಳಲ್ಲಿ ಈ ವಿಚಾರ ಎಲ್ಲಿದೆ? ಶಾಸನಗಳಲ್ಲಿ ಪದೇಪದೇ ಬರುವ ಚತುರ್ವಿಧ ದಾನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಪಟ್ಟಿ ತುಸು ಬೇರೆ: ಆಹಾರ, ಔಷಧ, ಉಪಕರಣ, ಆವಾಸ. ಇರುನೆಲೆಯನ್ನು ಕೊಡುವುದು ಅಲ್ಲಿ ನೇರವಾಗಿ ಒಂದು ದಾನ. ಈ ನಾಲ್ಕನ್ನೂ ಅವರು ‘ವೈಯಾವೃತ್ಯ’, ಅಂದರೆ ಸೇವೆ, ಎಂಬ ಹೆಸರಿನಲ್ಲಿ ಸೇರಿಸುತ್ತಾರೆ. ಇದೇ ವ್ರತಕ್ಕೆ ತತ್ತ್ವಾರ್ಥಸೂತ್ರ ಕೊಡುವ ಹೆಸರು ‘ಅತಿಥಿಸಂವಿಭಾಗ’. ಸಂವಿಭಾಗವೆಂದರೆ ಸರಿಯಾಗಿ ಪಾಲು ಮಾಡುವುದು. ಕೊಡುವವನ ಔದಾರ್ಯಕ್ಕಿಂತ ಪಡೆಯುವವನ ಪಾಲಿನ ಕಡೆಗೆ ಈ ಶಬ್ದದ ಒತ್ತಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಸಮಂತಭದ್ರರು ಹೇಳುವ ಆವಾಸದಾನ ತಪೋಧನರಿಗೆ ಸಂಬಂಧಿಸಿದ್ದು. ಜಗಲಿಯ ಮೇಲಿನ ವೃದ್ಧೆ ಶಾಸ್ತ್ರದ ಅರ್ಥದಲ್ಲಿ ‘ಪಾತ್ರ’ವಲ್ಲ. ಆದರೆ ಜಿನಸೇನರ ಆದಿಪುರಾಣ ಪಾತ್ರದತ್ತಿಯ ಜೊತೆಗೆ ದಯಾದತ್ತಿಯನ್ನೂ ಹೇಳುತ್ತದೆ. ಅನುಗ್ರಹಕ್ಕೆ ಅರ್ಹವಾದ ಪ್ರಾಣಿಸಮೂಹಕ್ಕೆ ಕರುಣೆಯಿಂದ ಅಭಯ ಕೊಡುವುದೇ ದಯಾದತ್ತಿ ಎಂಬುದು ಅಲ್ಲಿನ ಲಕ್ಷಣ. ಅಲ್ಲಿ ಯೋಗ್ಯತೆಯ ಪರೀಕ್ಷೆಯಿಲ್ಲ, ಊರು ಯಾವುದೆಂಬ ಪ್ರಶ್ನೆಯಿಲ್ಲ. ಮಲೆನಾಡಿನ ಆಷಾಢದ ಮಳೆಯಲ್ಲಿ, ಕತ್ತಲಲ್ಲಿ, ಒಂಟಿ ಹೆಂಗಸಿಗೆ ಬಾಗಿಲುಳ್ಳ ಒಂದು ಕೋಣೆಗಿಂತ ಬೇರೆ ಅಭಯ ಯಾವುದು? ಎರಡು ಪಟ್ಟಿಗಳಲ್ಲಿ ಬೇರೆಬೇರೆಯಾಗಿ ಕಾಣುವ ಆವಾಸವೂ ಅಭಯವೂ ಈ ಜಗಲಿಯ ಮೇಲೆ ಒಂದೇ ಆಗುತ್ತವೆ.

ಇನ್ನೊಂದು ಶಬ್ದವನ್ನು ನಮ್ಮ ಸಮುದಾಯದ ಓದುಗರ ಮುಂದೆ ಇಡಬೇಕೆನ್ನಿಸುತ್ತದೆ. ಗೃಹಸ್ಥನು ಅಗಾರಿ, ಮುನಿಯು ಅನಗಾರ. ಅನಗಾರನೆಂದರೆ ಮನೆಯಿಲ್ಲದವನು ಎಂದೇ ಅಕ್ಷರಾರ್ಥ. ಮನೆಯನ್ನು ತೊರೆದವರ ಪಾದಕ್ಕೆ ಎರಗುವ, ಅವರ ಚಾತುರ್ಮಾಸದ ವ್ಯವಸ್ಥೆಗೆ ನಾ ಮುಂದು ತಾ ಮುಂದು ಎಂದು ವಂತಿಗೆ ಕೊಡುವ ಸಮಾಜ ನಮ್ಮದು. ತೊರೆದದ್ದಕ್ಕೂ ಕಳೆದುಕೊಂಡದ್ದಕ್ಕೂ ಅಂತರ ಅಪಾರವಾದದ್ದು, ನಿಜ. ಆದರೆ ಮಳೆ ಇಬ್ಬರ ಮೇಲೂ ಒಂದೇ ಬಗೆಯಾಗಿ ಸುರಿಯುತ್ತದೆ. ನಾಲ್ಕು ತಿಂಗಳ ವಸತಿ ಎಷ್ಟು ಅಗತ್ಯವೆಂಬುದನ್ನು ಚಾತುರ್ಮಾಸವನ್ನು ಆಚರಿಸುವ ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಮರುತಿಂಗಳು ಅದೇ ದಾರಿಯಲ್ಲಿ ಹೋದಾಗ ಜಗಲಿ ಬರಿದಾಗಿತ್ತು. ಯಾರೋ ನೆಂಟರು ಬಂದು ಕರೆದುಕೊಂಡು ಹೋದರಂತೆ ಎಂದರು ಒಬ್ಬರು; ಇಲ್ಲ, ಬಸ್ಸು ಹತ್ತಿ ಅವರೇ ಹೋದರು ಎಂದರು ಇನ್ನೊಬ್ಬರು. ಖಚಿತವಾಗಿ ಬಲ್ಲವರಿರಲಿಲ್ಲ. ಮೂವತ್ತು ವರ್ಷ ಈ ಸೀಮೆಯ ಕಾಫಿ ಕುಯ್ದ ಕೈಗಳಿಗೆ ಈ ಸೀಮೆಯಲ್ಲಿ ಒಂದು ವಿಳಾಸ ಉಳಿಯಲಿಲ್ಲ.

ನನ್ನ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಮೊದಲ ಪಾಲು ದುಡಿಮೆಯ ಫಲವನ್ನುಂಡವರದು. ಸಣ್ಣ ತೋಟದವರು ಒಬ್ಬೊಬ್ಬರೇ ಹೊರಲಾರದ ಹೊರೆಯನ್ನು ಹಿಂದಿನ ವರ್ತಕರಂತೆ ಚೀಲಕ್ಕೆ ಇಷ್ಟೆಂದು ಕೂಡಿ ಹೊರಬಹುದು. ಎರಡನೆಯದು ಕರ ಸಂಗ್ರಹಿಸುವವರದು. ಭಿಕ್ಷುಕರ ಕರದ ಲೆಕ್ಕ ಗ್ರಾಮಸಭೆಯಲ್ಲಿ ಓದಬೇಕು, ಬೇಡದಿರುವ ನಿರಾಶ್ರಿತರಿಗೂ ಅದು ಸಲ್ಲಬೇಕು. ಮೂರನೆಯದು ಬಸದಿ, ಮಠ, ದೇವಾಲಯಗಳದು. ಯಾತ್ರಿಕರಿಲ್ಲದ ಮಳೆಗಾಲದಲ್ಲಿ ಅತಿಥಿಗೃಹಗಳ ಎಷ್ಟೋ ಕೋಣೆಗಳು ಬೀಗ ಹಾಕಿಕೊಂಡಿರುತ್ತವೆ. ‘ಬಸದಿ’ಯ ಮೂಲಾರ್ಥವನ್ನು ಪರೀಕ್ಷೆಯಲ್ಲಿ ಕೇಳಿದರೆ ನಮ್ಮ ವಿದ್ಯಾರ್ಥಿಗಳು ಸರಿಯಾಗಿಯೇ ಬರೆಯುತ್ತಾರೆ. ಆ ಕೋಣೆಗಳಲ್ಲಿ ಒಂದೆರಡರ ಬೀಗ ತೆಗೆಯುವುದು ಆಡಳಿತ ಸಮಿತಿಗಳಿಗೆ ಬಿಟ್ಟದ್ದು.