ಮೂಡಲ ನೀರು, ಪಡುವಲ ನೀರು

ಶಿಕಾರಿಪುರದ ವೃದ್ಧೆಯೊಬ್ಬರು ಎಪ್ಪತ್ತು ವರ್ಷ ತುಂಬಿದರೂ ಸಮುದ್ರವನ್ನು ಕಂಡವರಲ್ಲ. ಮಗನು ನೆಲಸಿರುವುದೋ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ. ಸಾಂತಾ ಲೂಸಿಯಾ ಪರ್ವತಗಳಿಗೂ ಶಾಂತಸಾಗರಕ್ಕೂ ನಡುವೆ 1937ರಲ್ಲಿ ತೆರೆದ ದಾರಿಯೊಂದು ಅಲ್ಲುಂಟು. ಊರಿಗೆ ಬಂದಾಗಲೆಲ್ಲ ಆತನು ಅದನ್ನೇ ಬಣ್ಣಿಸುವನು. ತಂದೆ ತೀರಿಕೊಂಡ ಮೇಲೆ, "ಅಮ್ಮಾ, ನೀನೂ ಬಂದು ನನ್ನಲ್ಲಿಯೇ ಇರು" ಎಂದು ಹಟ ಹಿಡಿದನು.

"ಮೊದಲು ನಮ್ಮ ಕಡಲನ್ನು ತೋರಿಸಪ್ಪ" ಎಂದರು ತಾಯಿ.

ಕಾರ್ತಿಕ ಮಾಸದ ಒಂದು ಬೆಳಗ್ಗೆ ಮೋಟಾರು ಶಿರಾಳಕೊಪ್ಪವನ್ನು ದಾಟಿ, ಆಕೆಯ ತವರಾದ ಸೊರಬವನ್ನು ಸೇರಿತು. ದಂಡಾವತಿಯ ಬಳಿ ನಿಂತು, "ಈ ನೀರು ಎಲ್ಲಿಗೆ ಹೋಗುವುದು?" ಎಂದು ಕೇಳಿದರು. ಅದು ವರದೆಯನ್ನೂ, ವರದೆಯು ತುಂಗಭದ್ರೆಯನ್ನೂ, ಅದು ಕೃಷ್ಣೆಯನ್ನೂ ಕೂಡಿ ಮೂಡಣ ಕಡಲಿಗೆ ಸೇರುವುದೆಂದು ಮಗನು ತಿಳಿಸಿದನು.

ಸಾಗರ, ತಾಳಗುಪ್ಪಗಳು ಹಿಂದಾದುವು. ಜೋಗದಲ್ಲಿ ಶರಾವತಿಯು 830 ಅಡಿ ಧುಮುಕುವುದನ್ನು ಆಕೆ ಕೈಮುಗಿದು ನೋಡಿದರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ಧಾರೆ ತೆಳುವಾಗಿದ್ದರೂ ಗಾಂಭೀರ್ಯ ಕುಂದಿರಲಿಲ್ಲ. ಮುಂದೆ ಗೇರುಸೊಪ್ಪೆಯ ಘಟ್ಟ. ತಿರುವು ತಿರುವಿಗೂ ಕಾಡು, ಕಣಿವೆ. ಇಳಿದಂತೆ ಗಾಳಿ ಬೆಚ್ಚಗಾಯಿತು. ತೆಂಗಿನ ತೋಟಗಳು ಕಂಡುವು. ಸಂಜೆಗೆ ಹೊನ್ನಾವರ.

ಶರಾವತಿಯು ಕಡಲನ್ನು ಸೇರುವೆಡೆಯಲ್ಲಿ ಆಕೆ ಬಹಳ ಹೊತ್ತು ಮೌನವಾಗಿದ್ದರು. ಬಳಿಕ, "ಎರಡು ಹೊಳೆಗಳೂ ನಮ್ಮ ಮಲೆನಾಡಿನವೇ, ಮಗು. ಒಂದು ಪಡುವಲಿಗೆ ಹರಿಯಿತು, ಅದರಲ್ಲಿ ತಪ್ಪಿಲ್ಲ. ನಾನು ದಂಡಾವತಿಯ ಕಡೆಯವಳು" ಎಂದರು.

ಹಿಂದಿರುಗುವಾಗ ಮಗನು ಪರದೇಶದ ದಾರಿಯ ಮಾತನ್ನೆತ್ತಲಿಲ್ಲ. ಸೊರಬದಲ್ಲಿ ತಾನಾಗಿಯೇ ಮೋಟಾರನ್ನು ನಿಲ್ಲಿಸಿದನು.