ಶಿವಾರಪಟ್ಟಣದ ಆಚಾರ್ರೂ ನನ್ನ 1.4.3ಯೂ

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿಲ್ಲ. ಬರೆಯೋ ಮುಖ ಇರಲಿಲ್ಲ ಅನ್ನಿ. ಒಂದು ಎಡವಟ್ಟು ಮಾಡಿಕೊಂಡಿದ್ದೆ.

ಬಿಡುವಿನಲ್ಲಿ ಬರೆದು ಹಂಚುವ ನನ್ನದೊಂದು ಪುಟ್ಟ ಲೈಬ್ರರಿ ಇದೆ, ದಿನಾಂಕ ಓದುವುದು ಅದರ ಕೆಲಸ. ಅದರ ಆವೃತ್ತಿ ಸಂಖ್ಯೆಯನ್ನು ನಾನು ಹಾಕುವುದಿಲ್ಲ, ‘ಚೇಂಜಿ’ ಅನ್ನೋ ಟೂಲ್ ಹಾಕುತ್ತೆ. ಪ್ರತಿ ಬದಲಾವಣೆಗೂ ಚೇಂಜ್‌ಲಾಗ್‌ನಲ್ಲಿ ಒಂದು ಸಾಲು ಬರೆದು, ಅದರ ವರ್ಗ ಆರಿಸಿದರಾಯಿತು. ಯಾವ ವರ್ಗಕ್ಕೆ ಯಾವ ಅಂಕೆ ಏರಬೇಕು ಅಂತ ಕಾನ್ಫಿಗ್ ಫೈಲಿನಲ್ಲಿ ಮೊದಲೇ ಬರೆದಿಟ್ಟಿರುತ್ತೇವೆ. ‘ಫಿಕ್ಸ್ಡ್’ ಅಂದರೆ ಕೊನೆಯ ಅಂಕೆ, ‘ಆಡೆಡ್’ ಅಂದರೆ ನಡುವಿನದು, ‘ರಿಮೂವ್ಡ್’ ಅಂದರೆ ಮೊದಲಿನದು. ಟಾಮ್ ಪ್ರೆಸ್ಟನ್-ವರ್ನರ್ ಬರೆದ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮಕ್ಕೆ ತಕ್ಕ ಲೆಕ್ಕ ಇದು.

ನನ್ನ ಲೈಬ್ರರಿ 03/04 ಅನ್ನು ಮಾರ್ಚ್ 4 ಅಂತ ಓದುತ್ತಿತ್ತು. ನಮ್ಮ ಕಡೆ ಅದು ಏಪ್ರಿಲ್ 3 ಅಲ್ಲವಾ? ತಿದ್ದಿದೆ. ‘ಫಿಕ್ಸ್ಡ್’ ಅಂತ ಆರಿಸಿದೆ. 1.4.2 ಹೋಗಿ 1.4.3 ಆಯಿತು. ಕೊನೆಯ ಅಂಕೆ ತಾನೇ ಅಂತ ಗೆಳೆಯನ ಪ್ರೋಗ್ರಾಮ್ ಅದನ್ನು ತಾನಾಗಿ ಎಳೆದುಕೊಂಡಿತು. ಬಾಡಿಗೆ ರಸೀತಿಗಳೆಲ್ಲ ತಪ್ಪು ತಿಂಗಳಿಗೆ ಹೋಗಿ ಕೂತವು. ಪಾಪ, ರಾತ್ರಿಯೆಲ್ಲ ಕೂತು ಸರಿಮಾಡಿದ. ‘ನಿನ್ನ ನಂಬರ್ ನಂಬಿದ್ದೆ ಕಣೋ’ ಅಂದ, ಅಷ್ಟೇ. ಟೂಲ್ ತಪ್ಪಿರಲಿಲ್ಲ. ಅದಕ್ಕೆ ಸುಳ್ಳು ಹೇಳಿದ್ದು ನಾನು.

ಇದೇ ಚಿಂತೆಯಲ್ಲಿ ಹೋದ ಭಾನುವಾರ ದೊಡ್ಡಪ್ಪನ ಜೊತೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದೆ. ಕಲ್ಲಿನ ವಿಗ್ರಹಗಳಿಗೆ ಹೆಸರಾದ ಊರು, ನಮ್ಮೂರ ಗುಡಿಗೂ ಒಂದು ಹೇಳಬೇಕಿತ್ತು. ಶೆಡ್ಡಿನಲ್ಲಿದ್ದ ಒಂದು ವಿಗ್ರಹ ತೋರಿಸಿ ದೊಡ್ಡಪ್ಪ, ‘ಆಚಾರ್ರೆ, ಹಿಂಗೇ ಇರಲಿ, ಮುಖ ಮಾತ್ರ ಒಂಚೂರು ದೊಡ್ಡದು ಮಾಡಿ’ ಅಂದರು.

ಆಚಾರ್ರು ಉಳಿ ಕೆಳಗಿಟ್ಟರು. ‘ಹಾರಕ್ಕೆ ಇನ್ನೊಂದೆಳೆ ಹಾಕು ಅನ್ನಿ, ಹಾಕ್ತೀನಿ. ಮುಖದ ಉದ್ದಾನೇ ತಾಳ ಸಾಮಿ, ಮೈಯೆಲ್ಲಾ ಅದರ ಲೆಕ್ಕದಲ್ಲೇ ಬರೋದು. ಅದು ಬದಲಾದ್ರೆ ಒಂಚೂರು ಅಲ್ಲ, ಬೇರೆ ವಿಗ್ರಹಾನೇ.’

ದೊಡ್ಡಪ್ಪ ಸುಮ್ಮನಾದರು. ನನಗೆ ಮಾತ್ರ ಯಾರೋ ಕಿವಿ ಹಿಂಡಿದ ಹಾಗಾಯಿತು.

ಮನೆಗೆ ಬಂದವನೇ 1.4.4ರಲ್ಲಿ ಹಳೆಯ ಕ್ರಮ ವಾಪಸ್ ತಂದೆ. ಹೊಸ ಕ್ರಮ ‘ಚೇಂಜ್ಡ್’ ವರ್ಗಕ್ಕೆ ಹೋಗಿ 2.0.0 ಆಯಿತು. ಈಗ ವರ್ಗ ಆರಿಸುವ ಮುಂಚೆ, ನನಗೆ ಇದು ತಿದ್ದುಪಡಿ ಅನ್ನಿಸ್ತಾ ಅಂತ ಕೇಳಿಕೊಳ್ಳುವುದಿಲ್ಲ. ಇದನ್ನು ನಂಬಿದವನ ಪ್ರೋಗ್ರಾಮ್ ನಾಳೆ ಬೆಳಿಗ್ಗೆ ಹಾಗೇ ಓಡುತ್ತಾ ಅಂತ ಕೇಳಿಕೊಳ್ಳುತ್ತೇನೆ.

ಗೆಳೆಯ 2.0.0 ಇನ್ನೂ ಹಾಕಿಕೊಂಡಿಲ್ಲ. ಓದಿ ನೋಡಿ ಹಾಕ್ಕೋತೀನಿ ಅಂದಿದ್ದಾನೆ. ಸರಿಯೇ ಅಲ್ಲವಾ, ಏನಂತೀರಿ?